ಮೇಲಿನ ಮನೆಯವರ ಕತ್ತು

ಮನುಷ್ಯನಿಗೆ ಒದಗುವ ದುಃಖಗಳಲ್ಲೆಲ್ಲ ಅತಿ ಘನವಾದದ್ದು ಅವನ ದೇಹವೇ ಅವನ ಮಾತು ಕೇಳದಿರುವುದು. ಇದನ್ನು ನಾನು ಬಹುಕಾಲ ನಂಬಿಕೊಂಡಿದ್ದೆ. ಅದಕ್ಕಿಂತ ಘನವಾದದ್ದು ಇನ್ನೊಂದಿದೆ ಎಂದು ಆಮೇಲೆ ತಿಳಿಯಿತು: ಮೇಲಿನ ಮನೆಯ ಬಾಡಿಗೆದಾರರ ದೇಹ ಅವರ ಮಾತು ಕೇಳುವುದು.

ನನ್ನ ಕತ್ತು ಚಿಕ್ಕಂದಿನಿಂದ ಬಲಕ್ಕೆ ಎಳೆಯುತ್ತದೆ. ಎಳೆದ ಹಿಂದೆಯೇ ಗಂಟಲಿನಿಂದ ಒಂದು ಸದ್ದು ಬರುತ್ತದೆ. ಅದು ಕೆಮ್ಮೂ ಅಲ್ಲ, ಬಿಕ್ಕಳಿಕೆಯೂ ಅಲ್ಲ. ಜಗಲಿಯ ಮೇಲೆ ನಿಂತವರು ಒಳಗಿರುವವರಿಗೆ ತಾವು ಬಂದದ್ದನ್ನು ಮರ್ಯಾದೆಯಿಂದ ತಿಳಿಸುವಾಗ ಮಾಡುತ್ತಾರಲ್ಲ, ಹಾಗೆ, "ಹ್ಕ್". ಕಣ್ಣು ಮಿಟುಕಿಸುವುದೂ ಉಂಟು. ಅದನ್ನು ನಾನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗಿನ ಕಾಲದಲ್ಲಿ ಇದಕ್ಕೆ ದುರಭ್ಯಾಸ ಎಂದು ಹೆಸರಿತ್ತು. ಅಮ್ಮ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು, ಸ್ಕೂಲಿನಲ್ಲಿ ಮೇಷ್ಟ್ರು ಬೆತ್ತ ಹಿಡಿದರು. ಕತ್ತು ಇಬ್ಬರಿಗೂ ಮಣಿಯಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ, ನನಗೆ ನಲವತ್ತು ಹತ್ತಿರವಾದಾಗ, ಜಯನಗರದ ನರರೋಗದ ಡಾಕ್ಟರೊಬ್ಬರು ಮೇಜಿನ ಆಚೆ ಕೂತು ಸ್ವಲ್ಪ ಹೊತ್ತು ನನ್ನನ್ನು ಸುಮ್ಮನೆ ನೋಡಿದರು. ಆಮೇಲೆ, "ಇದು ಟುರೆಟ್ ಸಿಂಡ್ರೋಮ್" ಅಂದರು. ಅಷ್ಟು ವರ್ಷ ದುರಭ್ಯಾಸವಾಗಿದ್ದದ್ದು ಒಂದೇ ಮಧ್ಯಾಹ್ನದಲ್ಲಿ ಫ್ರೆಂಚ್ ಹೆಸರಿನ ಕಾಯಿಲೆಯಾಗಿ ಬಡ್ತಿ ಪಡೆಯಿತು. ಬನಶಂಕರಿಯ ಮನೆಗೆ ಬಂದು ಹೇಳಿದೆ. ಅಮ್ಮ ಹೆಸರನ್ನು ಎರಡು ಸಲ ಹೇಳಿಸಿಕೊಂಡು, "ಇಂಥ ಹೆಸರಿರೋದು ನಮ್ಮ ಕಡೆ ಯಾರಿಗೂ ಬಂದಿಲ್ಲಪ್ಪ. ನಿಮ್ಮಪ್ಪನ ಕಡೆಯಿಂದ ಬಂದಿರಬೇಕು" ಅಂದು ದೇವರ ಮನೆಗೆ ಹೋದಳು.

ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಕತ್ತು ಮಲಗುತ್ತಿತ್ತು, ಜೊತೆಗೆ ನಾನೂ ಮಲಗುತ್ತಿದ್ದೆ. ಆಗ ನನ್ನದು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಯಂತ್ರಗಳ ಗದ್ದಲದಲ್ಲಿ ನನ್ನ ಸದ್ದು ಯಾರಿಗೂ ಕೇಳುತ್ತಿರಲಿಲ್ಲವಾದ್ದರಿಂದ ಆ ಕೆಲಸದ ಮೇಲೆ ನನಗೆ ಪ್ರೀತಿ. ಮಾತ್ರೆಯ ಮಂಪರಿನಲ್ಲಿ ಒಂದು ಲಗ್ನಪತ್ರಿಕೆ ತಿದ್ದಿದೆ. ವಧುವಿನ ಹೆಸರೇ ಇಲ್ಲದೆ ಅಚ್ಚಾಗಿ ಹೋಯಿತು. ಆಮೇಲೆ ಡಾಕ್ಟರನ್ನು ಕೇಳಿಕೊಂಡೇ ಅದನ್ನು ನಿಲ್ಲಿಸಿದೆ.

"ನಿಲ್ಲಿಸಿ, ಪರವಾಗಿಲ್ಲ," ಅಂದರು ಅವರು. "ಇದು ಏರುತ್ತೆ, ಇಳಿಯುತ್ತೆ. ಕೆಲವರಿಗೆ ತಿಂಗಳುಗಟ್ಟಲೆ ಕಾಣಿಸ್ಕೊಳೋದೇ ಇಲ್ಲ."

ಏರಿದ್ದನ್ನು ನಾನು ಕಂಡಿದ್ದೆ. ಇಳಿದದ್ದು ಮಾತ್ರ ನೆನಪಿರಲಿಲ್ಲ.

ಈ ಕತ್ತಿನಿಂದ ನನಗೆ ಆಗುತ್ತಿದ್ದ ನಷ್ಟ ನಿಜವಾಗಿ ಒಂದೇ, ಸಂಗೀತ. ನನ್ನ ಮಗಳು ಚಿಕ್ಕವಳಿದ್ದಾಗಲೇ ಪಕ್ಕದ ರಸ್ತೆಯಲ್ಲಿ ವೀಣೆ ಪಾಠಕ್ಕೆ ಸೇರಿದಳು. ಮೊದಲ ವರ್ಷದ ಕಾರ್ಯಕ್ರಮವನ್ನು ಅವಳ ಟೀಚರು ಕ್ಯಾಸೆಟ್ಟಿಗೆ ಹಿಡಿದಿದ್ದರು. ಹಾಕಿ ಕೇಳಿದರೆ, ಮೋಹನ ರಾಗದ ಮಧ್ಯದಲ್ಲಿ ಯಾರೋ ಜಗಲಿಯಿಂದ ಕರೆಯುತ್ತಿದ್ದಾರೆ. ಮುಂದೆ ಹೋದ ಹಾಗೆಲ್ಲ ಮತ್ತೆ ಮತ್ತೆ ಕರೆಯುತ್ತಿದ್ದಾರೆ, ಯಾರೂ ಬಾಗಿಲು ತೆಗೆಯುತ್ತಿಲ್ಲ. ಟೀಚರು ಬಹಳ ಸಂಕೋಚದ ಹೆಂಗಸು. "ಸಾರ್, ನೀವು ಬರಲೇಬೇಕು. ಆದರೆ ಮೈಕು ತುಂಬ ಸೂಕ್ಷ್ಮ," ಅಂದರು. ನಾನು ಅರ್ಥ ಮಾಡಿಕೊಂಡೆ. ಅಂದಿನಿಂದ ಎಲ್ಲೇ ಕಾರ್ಯಕ್ರಮವಿರಲಿ, ನಾನು ಬಾಗಿಲಾಚೆ ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲುವುದು ವಾಡಿಕೆಯಾಯಿತು. ಎಷ್ಟೋ ಒಳ್ಳೆಯ ಕಲ್ಯಾಣಿಗಳನ್ನು ನಾನು ಚಪ್ಪಲಿಗಳ ಸಹವಾಸದಲ್ಲಿ ಕೇಳಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಟೀಚರು ಮನೆಗೇ ಬಂದು, ಮುಂದಿನ ರಾಮನವಮಿಯ ಹೊತ್ತಿಗೆ ಹುಡುಗಿಯಿಂದ ಪೂರ್ತಿ ಕಚೇರಿ ಮಾಡಿಸುತ್ತೇನೆ ಅಂದರು. ಪಕ್ಕವಾದ್ಯ ಸಮೇತ, ಜಯನಗರದ ಒಂದು ಸಂಗೀತ ಸಭೆಯ ಹಾಲಿನಲ್ಲಿ. ಅವರು ಕಾಫಿ ಕುಡಿದು ಹೋದ ಮೇಲೆ ನಾನು ಒಂದು ನಿರ್ಧಾರ ಮಾಡಿದೆ. ಮಗಳ ಮೊದಲ ಕಚೇರಿಯನ್ನು ಒಳಗೆ ಕೂತು ಕೇಳಬೇಕು. ಜೀವನದಲ್ಲಿ ಬೇರೆ ಮಹತ್ವಾಕಾಂಕ್ಷೆಗಳು ಆ ಹೊತ್ತಿಗೆ ಒಂದೊಂದಾಗಿ ನಿವೃತ್ತಿಯಾಗಿದ್ದವು. ಇದೊಂದು ಉಳಿದಿತ್ತು.

ಅದೇ ತಿಂಗಳು ಡಾಕ್ಟರ ಹತ್ತಿರ ಹೋದೆ. ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಪಕ್ಕಕ್ಕೆ ಬಂದು ಕೂತವರ ಕತ್ತು ಎಡಕ್ಕೆ ಎಳೆಯಿತು. ಯಾವುದೋ ಕನ್ನಡಿ ನೋಡಿದ ಹಾಗಾಯಿತು. ನನಗಿಂತ ಹತ್ತು ವರ್ಷ ಚಿಕ್ಕವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆನ್ನೆಯ ಮೇಲೆ ಹತ್ತಿಯ ಚೂರು. ಅದು ಯಾಕೆಂದು ಕೇಳಬೇಕಾಗಿರಲಿಲ್ಲ. ಕ್ಷೌರ ಮಾಡಿಕೊಳ್ಳುವಾಗ ಕತ್ತು ಎಳೆದರೆ ಏನಾಗುತ್ತದೆಂದು ನನ್ನ ಕೆನ್ನೆಗೂ ಗೊತ್ತು.

"ಎಷ್ಟ್ ವರ್ಷಾತ್ರಿ ನಿಮಗ?" ಅಂದರು.

"ಚಿಕ್ಕಂದಿನಿಂದ."

"ನಂದೂ ಹಂಗ ರೀ. ಸಣ್ಣಾಂವ ಇದ್ದಾಗಿಂದ." ಇಷ್ಟು ಹೇಳಿ ಅವರು ನಕ್ಕರು. ನಾನೂ ನಕ್ಕೆ. ಅಷ್ಟು ವರ್ಷ ಈ ಭೂಮಿಯ ಮೇಲೆ ನಾನೊಬ್ಬನೇ ಎಂದುಕೊಂಡಿದ್ದವನಿಗೆ ಜೊತೆ ಸಿಕ್ಕಿದ್ದು ಸಂತೋಷವೇ. ಒಂಚೂರು ಬೇಸರವೂ ಆಯಿತು. ನಾನೊಬ್ಬನೇ ಎಂಬುದರಲ್ಲಿ ಒಂದು ಘನತೆ ಇತ್ತು.

ಅವರದು ಗದಗದ ಕಡೆ. ಬಿಟಿಎಂ ಲೇಔಟಿನ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ. ಹೆಂಡತಿಯನ್ನು ಕರೆದುಕೊಂಡು ಬಂದು, ಸದ್ಯಕ್ಕೆ ತಿಲಕ್ ನಗರದಲ್ಲಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡು, ಬಾಡಿಗೆ ಮನೆ ಹುಡುಕುತ್ತಿದ್ದರು. ಖಾಲಿ ಮನೆ ಕಣ್ಣಿಗೆ ಬೀಳುವುದು ಕಷ್ಟವಾಗಿರಲಿಲ್ಲ, ಕೈಗೆ ಸಿಗುವುದು ಕಷ್ಟವಾಗಿತ್ತು. ಮಾಲೀಕರ ಜೊತೆ ಮಾತಾಡುತ್ತಾ ಮಾತಾಡುತ್ತಾ ಇವರ ಕತ್ತು ಎಳೆಯುತ್ತಿತ್ತು, ಗಂಟಲು ಸದ್ದು ಮಾಡುತ್ತಿತ್ತು, ತಕ್ಷಣ ಆ ಮನೆಯನ್ನು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. "ಒಬ್ರು ನಮ್ಮ ಮನಿಯಾಕಿನ್ನ ಬಾಜೂಕ ಕರದು, ಇವರಿಗೆ ಗಾಳಿ ಹಿಡದೈತೇನಮ್ಮಾ ಅಂತ ಕೇಳಿದ್ರ್ರಿ," ಅಂದರು.

ನಮ್ಮ ಮಹಡಿಯ ಮನೆ ಖಾಲಿಯಿತ್ತು. ನಾನು ಅಲ್ಲೇ ಬೆಂಚಿನ ಮೇಲೆ, ಹೆಂಡತಿಯನ್ನೂ ಕೇಳದೆ, ಬನ್ನಿ ಎಂದುಬಿಟ್ಟೆ. ನನ್ನ ಬಾಳಿನಲ್ಲಿ ಹಿಂದುಮುಂದು ನೋಡದೆ ಮಾಡಿದ ಉದಾರ ಕೆಲಸ ಅದೊಂದೇ. ಅದರಿಂದ ನನಗಾದ ಫಲವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ವಿಷಯ ತಿಳಿದ ನನ್ನಾಕೆ ಸೌಟು ಕೆಳಗಿಟ್ಟು, "ರೀ, ಮನೇಲಿ ಒಂದು ಸಾಕಾಗಿರಲಿಲ್ವಾ?" ಅಂದಳು.

ಅವರು ಬಂದರು. ಒಳ್ಳೆಯ ಜನ. ಗಂಡ ನನ್ನನ್ನು "ರಾಯರ" ಎಂದು ಕರೆಯುತ್ತಿದ್ದರು, ಹೆಂಡತಿ ನನ್ನಾಕೆಯನ್ನು "ಅಕ್ಕಾರ" ಎಂದು. ಮೆಟ್ಟಿಲ ಕೊನೆಗೆ ಒಂದು ಹಳೆಯ ಡಬ್ಬದಲ್ಲಿ ಕರಿಬೇವಿನ ಗಿಡ ಇಟ್ಟರು. ಬೆಳಿಗ್ಗೆ ಮೇಲಿನಿಂದ ಒಂದು "ಹ್ಕ್" ಬರುತ್ತಿತ್ತು, ಕೆಳಗಿನಿಂದ ಒಂದು ಹೋಗುತ್ತಿತ್ತು. ಹಾಲಿನವನು ಇದನ್ನು ನಮ್ಮ ಮನೆಯ ಸಂಪ್ರದಾಯವೆಂದೇ ತಿಳಿದಿದ್ದ.

ಕಚೇರಿಗೆ ಇನ್ನೂ ಬಹಳ ತಿಂಗಳಿತ್ತು. ಆಗ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಗಂಟೆಯ ಲೆಕ್ಕಕ್ಕೆ ಇಂಟರ್ನೆಟ್ಟು ನೋಡಲು ಬಿಡುವ ಬ್ರೌಸಿಂಗ್ ಸೆಂಟರುಗಳು ಬಂದಿದ್ದವು. ನಾನೂ ಒಂದರೊಳಗೆ ಹೊಕ್ಕು, ಹಲಗೆಯ ಗೂಡಿನಲ್ಲಿ ಕೂತು, ನನ್ನ ಕಾಯಿಲೆಯ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪ್ರಪಂಚದ ನಾನಾ ಕಡೆಯ ಕತ್ತುಗಳು ಅಲ್ಲಿ ನೆರೆದಿದ್ದವು. ಅವುಗಳಲ್ಲಿ ಕೆಲವಕ್ಕೆ ಮೆಗ್ನೀಷಿಯಮ್ಮಿನಿಂದ ಉಪಕಾರವಾಗಿತ್ತು, ಕೆಲವಕ್ಕೆ ಬಿ ಸಿಕ್ಸ್ ವಿಟಮಿನ್ನಿನಿಂದ, ಕೆಲವಕ್ಕೆ ಮೀನಿನ ಎಣ್ಣೆಯಿಂದ. ಯಾವುದರಿಂದಲೂ ಏನೂ ಆಗದವರು ಯಾಕೆ ಬರೆದಿರಲಿಲ್ಲವೆಂಬುದು ಆಗ ನನಗೆ ಹೊಳೆಯಲಿಲ್ಲ. ಡಾಕ್ಟರು ನನ್ನ ಕಾಗದಗಳನ್ನು ತಿರುವಿ ನೋಡಿ, "ನಾನು ಹೇಳೋ ಅಷ್ಟೇ ತಗೊಂಡ್ರೆ ತೊಂದರೆ ಇಲ್ಲ. ಆದರೆ ಇದರಿಂದ ವಾಸಿಯಾಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಏನೂ ಇಲ್ಲ," ಅಂದರು. ಇದರಲ್ಲಿ ಮೊದಲ ವಾಕ್ಯವನ್ನು ಮಾತ್ರ ಕೇಳಿಸಿಕೊಂಡು ನಾನು ಮೆಡಿಕಲ್ ಸ್ಟೋರಿಗೆ ಹೋದೆ.

ಎಲ್ಲವನ್ನೂ ಎರಡೆರಡು ಕೊಂಡೆ. ಒಂದು ನನಗೆ, ಒಂದು ಮೇಲಿನವರಿಗೆ. ಅವರಿಗೂ ಡಾಕ್ಟರನ್ನು ಕೇಳಿ ಅಪ್ಪಣೆ ತಂದಿದ್ದೆ. ಇದರಲ್ಲಿ ಔದಾರ್ಯ ಎಷ್ಟು, ಒಬ್ಬನೇ ಮೂರ್ಖನಾಗಬಾರದೆಂಬ ಮುನ್ನೆಚ್ಚರಿಕೆ ಎಷ್ಟು ಎಂದು ಬೇರೆ ಮಾಡಿ ಹೇಳಲಾರೆ. ಅವರು ಎರಡೂ ಕೈ ಚಾಚಿ ಬಾಟಲಿಗಳನ್ನು ತೆಗೆದುಕೊಂಡರು. ಮೀನೆಣ್ಣೆಯ ಬಾಟಲಿಯ ಮೇಲಿದ್ದ ಮೀನಿನ ಚಿತ್ರವನ್ನು ಅವರ ಹೆಂಡತಿ ಒಂದು ಕ್ಷಣ ನೋಡಿದಳು. ಅವರೂ ನಮ್ಮಂತೆ ಮೀನು ಮೊಟ್ಟೆ ಮುಟ್ಟುವವರಲ್ಲ. "ಭಾಳ ಉಪಕಾರಾತ್ರಿ ರಾಯರ," ಅಂದರು ಅವರು. "ಇಷ್ಟ್ ಕಾಳಜಿ ನಮಗ ಯಾರ್ ಮಾಡ್ತಾರ್ರಿ."

ನಮ್ಮ ಮನೆಯಲ್ಲಿ ಮಾತು ಇಷ್ಟು ನಯವಾಗಿರಲಿಲ್ಲ. "ಮೀನು ಹೊಸಿಲು ದಾಟಿ ಒಳಗೆ ಬಂದರೆ ನಾನು ಹೊಸಿಲು ದಾಟಿ ಆಚೆ ಹೋಗ್ತೀನಿ," ಅಂದಳು ಅಮ್ಮ. ಮಡಿಯ ಹೆಂಗಸು. ಹಾಗಾಗಿ ಆ ಬಾಟಲಿ ನನ್ನ ಸ್ಕೂಟರಿನ ಡಿಕ್ಕಿಯಲ್ಲಿ, ಸ್ಪ್ಯಾನರು ಮತ್ತು ಹಳೆಯ ಬಟ್ಟೆಯ ಜೊತೆ ವಾಸ ಮಾಡಿತು. ದಿನವೂ ಮುದ್ರಣಾಲಯದ ಕಾಂಪೌಂಡಿನಲ್ಲಿ, ಯಾವುದೋ ಪಾಪಕಾರ್ಯ ಮಾಡುವವನಂತೆ ಆಚೀಚೆ ನೋಡಿ, ಒಂದು ಗುಳಿಗೆ ನುಂಗಿ ಬಾಯಿ ಮುಕ್ಕಳಿಸುತ್ತಿದ್ದೆ. ಆದರೂ ಸಂಜೆ ಮನೆಯಲ್ಲಿ ಕೂತಾಗ ಒಂದು ತೇಗು ಬರುತ್ತಿತ್ತು. ಅಮ್ಮ ಮೂಗು ಎತ್ತಿ, "ಯಾರ ಮನೇಲೋ ಏನೋ ಮಾಡ್ತಿದಾರೆ ಕಣೋ," ಎಂದು ಕಿಟಕಿಯಾಚೆ ನೋಡುತ್ತಿದ್ದಳು. ನಾನೂ ಕಿಟಕಿಯಾಚೆ ನೋಡುತ್ತಿದ್ದೆ.

ಮೆಗ್ನೀಷಿಯಮ್ಮಿನ ಮೊದಲ ಪರಿಣಾಮ ಬೇಗನೆ ಕಾಣಿಸಿತು. ಆದರೆ ಕತ್ತಿನಲ್ಲಲ್ಲ. ಬೆಳಗಿನ ಹೊತ್ತು ಬಚ್ಚಲುಮನೆಯ ಕಡೆಯ ಓಡಾಟ ಹೆಚ್ಚಾಯಿತು ಎಂದಷ್ಟೇ ಬರೆದರೆ ಸಾಕು. ಡಾಕ್ಟರು ಪ್ರಮಾಣ ಇಳಿಸಿದರು. ಓಡಾಟ ನಿಂತಿತು. ಕತ್ತು ಎಂದಿನಂತೆ ಬಲಕ್ಕೇ ಇತ್ತು.

ಹೀಗೆ ಒಂದೆರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ನನ್ನ ಪಾಲಿನ "ಹ್ಕ್" ಮುಗಿಸಿ ಕಾದೆ. ಒಂದು ವಾರದಿಂದ ಆಗುತ್ತಿದ್ದ ಹಾಗೆ ಅಂದೂ ಮೇಲಿನಿಂದ ಏನೂ ಬರಲಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು ಮೆಟ್ಟಿಲಿಳಿದು ಬಂದರು. ಕೆನ್ನೆಯಲ್ಲಿ ಹತ್ತಿ ಇರಲಿಲ್ಲ. ನುಣ್ಣಗೆ, ಒಂದು ಗೀರೂ ಇಲ್ಲದ ಕೆನ್ನೆ. ಆ ಕೆನ್ನೆಯನ್ನು ಕಂಡ ಕ್ಷಣ ನನ್ನ ಹೊಟ್ಟೆಯಲ್ಲಿ ಆದದ್ದು ಮೆಗ್ನೀಷಿಯಮ್ಮಿನಿಂದ ಆದದ್ದಲ್ಲ.

"ಏನು, ಕತ್ತು ಹೇಗಿದೆ?" ಅಂದೆ.

"ಆರಾಮ್ ಐತ್ರಿ ರಾಯರ!" ಅಂದರು. "ಎಂಟು ದಿನಾತು, ಎಳದೇ ಇಲ್ಲ ನೋಡ್ರಿ. ಎಲ್ಲಾ ನಿಮ್ಮ ಗುಳಿಗಿ ಪುಣ್ಯಾ."

ನನ್ನ ಗುಳಿಗೆ! ನಾನು ಹುಡುಕಿದ್ದು, ನಾನು ಕೊಂಡದ್ದು, ನಾನು ಮೆಟ್ಟಿಲು ಹತ್ತಿ ಕೊಟ್ಟದ್ದು. ಒಂದೇ ಅಂಗಡಿ, ಒಂದೇ ಬಾಟಲಿಯ ಜೋಡಿ. "ಬಹಳ ಸಂತೋಷ" ಅಂದೆ. ಆ ಎರಡು ಪದಗಳನ್ನು ಉಚ್ಚರಿಸುವಷ್ಟರಲ್ಲಿ ಕತ್ತು ಎರಡು ಸಲ ಎಳೆಯಿತು.

ಆ ದಿನದಿಂದ ನಾನು ಮೇಲಿನ ಮನೆಯ ಮೌನಕ್ಕೆ ಕಿವಿ ಕೊಡಲು ಶುರು ಮಾಡಿದೆ. ಸದ್ದಿಗೆ ಕಿವಿ ಕೊಡುವುದು ಸುಲಭ, ಬಂದಾಗ ಕೇಳಿದರಾಯಿತು. ಮೌನಕ್ಕೆ ಪೂರ್ತಿ ಹೊತ್ತು ಕೂರಬೇಕು. ತಲೆಯ ಮೇಲೆ ಅವರು ಓಡಾಡುತ್ತಿದ್ದರು, ಚೊಂಬು ಇಡುತ್ತಿದ್ದರು, ರೇಡಿಯೋ ಹಾಕುತ್ತಿದ್ದರು. ಎಲ್ಲಾ ಸದ್ದೂ ಬರುತ್ತಿತ್ತು, ಅದೊಂದು ಬಿಟ್ಟು.

ಮನೆಯವರ ಕೈಗೆ ಒಂದು ಆಯುಧ ಸಿಕ್ಕ ಹಾಗಾಯಿತು. "ಅವರು ಶ್ರದ್ಧೆಯಿಂದ ತಗೋತಾರೆ," ಅಂದಳು ಅಮ್ಮ. "ನೀನು ಯಾವುದನ್ನ ಶ್ರದ್ಧೆಯಿಂದ ಮಾಡಿದೀಯ ಹೇಳು. ಸಂಧ್ಯಾವಂದನೆ ಮಾಡ್ತೀಯಾ?"

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?"

"ಅವರು ದಿನಾ ಸ್ನಾನ ಆದಮೇಲೆ ವಿಭೂತಿ ಹಚ್ಕೋತಾರೆ. ನಾನು ನೋಡಿದೀನಿ."

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಅಮ್ಮನಿಗೆ ಕಣ್ಣು ಮಂಜಾದ ಮೇಲೆ ಸಂಜೆ ಹೊತ್ತು ಪುರಾಣದ ಪುಸ್ತಕ ಓದಿ ಹೇಳುವ ಕೆಲಸ ನನ್ನದಾಗಿತ್ತು. ಒಂದು ಸಂಜೆ ನಾನು ತಡವಾಗಿ ಬಂದೆ. ನಡುಮನೆಯಲ್ಲಿ ನನ್ನ ಮಣೆಯ ಮೇಲೆ ಮೇಲಿನವರು ಕೂತು ಓದುತ್ತಿದ್ದರು. ಗದಗದ ಕಡೆಯ ಎಳೆದಾಡದ ಗಟ್ಟಿ ದನಿ, ನಡುವೆ ಒಂದು ತಡೆಯೂ ಇಲ್ಲ. ಅಮ್ಮ ಕೈ ಮುಗಿದುಕೊಂಡು ಕೇಳುತ್ತಿದ್ದಳು. ಅಧ್ಯಾಯ ಮುಗಿದ ಮೇಲೆ, "ಇಷ್ಟು ವರ್ಷ ಆದ್ಮೇಲೆ ಇವತ್ತು ಪುರಾಣ ಕೇಳಿದ ಹಾಗಾಯ್ತಪ್ಪ," ಅಂದಳು. ನಾನು ಹೋಗಿ ಕಾಲು ತೊಳೆದೆ. ತೊಳೆದ ಕಾಲನ್ನೇ ಮತ್ತೆ ತೊಳೆದೆ.

ಒಂದೇ ಔಷಧ ಒಬ್ಬರಿಗೆ ಹತ್ತಿ ಇನ್ನೊಬ್ಬರಿಗೆ ಹತ್ತದಿದ್ದರೆ, ಔಷಧದ ಜೊತೆ ಇನ್ನೇನೋ ಇರಬೇಕು ಎಂದು ನಾನು ತರ್ಕಿಸಿದೆ. ಅವರ ಊಟ ನೋಡಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಬ್ರೌಸಿಂಗ್ ಸೆಂಟರಿಗೆ ಓಡಿದೆ. ಕಾಳುಗಳಲ್ಲಿ, ಎಳ್ಳಿನಲ್ಲಿ, ಶೇಂಗಾದಲ್ಲಿ ಮೆಗ್ನೀಷಿಯಮ್ ಹೇರಳವಾಗಿದೆ ಎಂದಿತು. ಗುಟ್ಟು ಸಿಕ್ಕಿತು! ಶ್ರೀನಗರದಲ್ಲಿ ಆ ಕಡೆಯವರು ಜೋಳ ಬೀಸಿಸುವ ಒಂದು ಹಿಟ್ಟಿನ ಗಿರಣಿ ಇತ್ತು. ಅಲ್ಲಿಂದ ಚೀಲ ಹೊತ್ತು ತಂದು ನನ್ನಾಕೆಯ ಮುಂದೆ ಇಟ್ಟೆ.

"ಇದನ್ನೇನು ಮಾಡೋದು?"

"ರೊಟ್ಟಿ ಬಡಿ. ಮೇಲಿನವರ ಹತ್ತಿರ ಕಲ್ತ್ಕೋ."

ಅವಳು ಕಲಿಯಲು ಹೋದಳು. ನಾಲ್ಕು ದಿನ ನಮ್ಮ ಅಡುಗೆ ಮನೆಯಿಂದ ಬಡಿಯುವ ಸದ್ದು ಬಂತು, ರೊಟ್ಟಿ ಬರಲಿಲ್ಲ. ತಟ್ಟೆಗೆ ಬಿದ್ದದ್ದು ಭೂಪಟದ ತುಂಡುಗಳು. ಅನ್ನ ಹುಳಿ ತಿಂದು ಬೆಳೆದ ನನ್ನ ದವಡೆ ನೋಯಿತು. ಆದರೂ ವ್ರತದ ಹಾಗೆ ತಿಂದೆ. ಅಮ್ಮ ತನ್ನ ಅನ್ನ ಕಲಸಿಕೊಳ್ಳುತ್ತಾ, "ಅನ್ನ ತಿಂದು ಕತ್ತು ಎಳೀತು ಅನ್ನೋದಾದ್ರೆ ಈ ಬನಶಂಕರೀಲಿ ಒಬ್ಬರ ಕತ್ತೂ ನೆಟ್ಟಗಿರ್ತಿರಲಿಲ್ಲ," ಅಂದಳು.

ರೊಟ್ಟಿಯಿಂದ ನನ್ನ ಹಲ್ಲು ಗಟ್ಟಿಯಾಯಿತೆಂದು ಕಾಣುತ್ತದೆ. ಕತ್ತಿಗೆ ಸುದ್ದಿ ಮುಟ್ಟಲಿಲ್ಲ.

ಸಂಕ್ರಾಂತಿ ಕಳೆಯಿತು. ಕಚೇರಿಯ ಕರಪತ್ರ ಅಚ್ಚಾಯಿತು. ನಾನೇ ತಿದ್ದಿದೆ, ಯಾರ ಹೆಸರೂ ಬಿಡಲಿಲ್ಲ. ಒಂದು ಸಂಜೆ ಮಗಳು ತಂತಿಗೆ ಎಣ್ಣೆ ಸವರುತ್ತಾ, ತಲೆ ಎತ್ತದೆ ಕೇಳಿದಳು.

"ಅಪ್ಪ, ಈ ಸಲಾನೂ ನೀನು ಚಪ್ಪಲಿ ಹತ್ರಾನೇ ಇರ್ತೀಯಲ್ವಾ?"

"ನೋಡೋಣ. ಇನ್ನೂ ಟೈಮಿದೆ."

"ಅಲ್ಲಿಂದ ಕೇಳಿಸುತ್ತಾ?"

"ಕೇಳಿಸುತ್ತೆ. ಫ್ಯಾನಿಲ್ಲ, ಸೆಕೆ ಜಾಸ್ತಿ, ಅಷ್ಟೆ."

ಅವಳು ಇನ್ನೊಂದು ತಂತಿಗೆ ಎಣ್ಣೆ ಸವರಿದಳು. "ಮುಂದಿನ ಸಾಲಲ್ಲಿ ಕೂತು ರೆಕಾರ್ಡ್ ಮಾಡೋಕೆ ಯಾರಾದ್ರೂ ಬೇಕಂತೆ ಟೀಚರ್‌ಗೆ. ಮೇಲಿನ ಅಂಕಲ್ಲನ್ನ ಕೇಳಿದೆ. ಹೂಂ ಅಂದ್ರು. ಅವರು ಅಲ್ಲಾಡೋದೇ ಇಲ್ಲ ನೋಡು, ಅದಕ್ಕೆ."

ಹದಿನಾಲ್ಕು ವರ್ಷದ ಹುಡುಗಿ. ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಕಿತ್ತು ಹಾಕಬಹುದಿತ್ತು. ನಾನು ಹೊರಗೆ ಬಂದು ಗೇಟಿನ ಹತ್ತಿರ ನಿಂತೆ. ನಾನು ಮನೆ ಕೊಟ್ಟ ಮನುಷ್ಯ, ನಾನು ಔಷಧ ಕೊಟ್ಟ ಮನುಷ್ಯ, ನನ್ನ ಮಣೆಯಲ್ಲಿ ಕೂತು ಓದಿ, ಈಗ ನನ್ನ ಮಗಳ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಅವರು ಕೆಟ್ಟವರಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು. ತಿಂಗಳ ಮೊದಲನೇ ತಾರೀಕು ತಪ್ಪದೆ ಬಾಡಿಗೆ ಕೊಡುತ್ತಿದ್ದರು, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು. ದ್ವೇಷಿಸಲು ಎಲ್ಲೂ ಒಂದು ಹಿಡಿ ಸಿಗುತ್ತಿರಲಿಲ್ಲ.

ಅದಾದ ಮೇಲಿನ ಭಾನುವಾರ ನೀರಿನ ಟ್ಯಾಂಕ್ ನೋಡಲೆಂದು ಮಹಡಿ ಹತ್ತಿದೆ. ಮೆಟ್ಟಿಲ ಕೊನೆಯಲ್ಲಿ ಅವರ ಹೆಂಡತಿ ಕರಿಬೇವಿನ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಮಣ್ಣಿನಲ್ಲಿ ಗುಳಿ ಮಾಡಿ ಏನೋ ಊರುತ್ತಿದ್ದಳು. ಬಿಳಿಯದು, ಉದ್ದನೆಯದು. ಹತ್ತು ತಿಂಗಳಿಂದ ನುಂಗುತ್ತಿದ್ದವನಿಗೆ ಮೆಗ್ನೀಷಿಯಮ್ ಗುರುತು ಹತ್ತದೆ ಇರುತ್ತದೆಯೇ?

ಅವಳು ನನ್ನನ್ನು ನೋಡಿ ಸೆರಗಿನಿಂದ ಬಾಟಲಿ ಮುಚ್ಚಿದಳು. ಆಮೇಲೆ ಮುಚ್ಚಿ ಪ್ರಯೋಜನವಿಲ್ಲವೆಂದು ತೆಗೆದಳು. "ಏ, ಇಲ್ಲಿ ಬರ್ರಿ," ಎಂದು ಒಳಗೆ ಕೂಗಿದಳು. ಅವರು ಟವೆಲು ಹೊದ್ದು ಬಂದರು. ನನ್ನನ್ನು, ಗಿಡವನ್ನು, ಬಾಟಲಿಯನ್ನು ಸರದಿಯಂತೆ ನೋಡಿದರು.

"ತಪ್ಪ ತಿಳ್ಕೋಬ್ಯಾಡ್ರಿ ರಾಯರ," ಅಂದರು.

"ನೀವು ಇದನ್ನ ತಗೊಳ್ತಿಲ್ವಾ?"

"ಒಂದ್ ನಾಕು ದಿನಾ ತಗೊಂಡೆ ರೀ. ಹೊಟ್ಟಿ ಕೆಡ್ತು. ಬಿಟ್ಟೆ."

"ಮೀನೆಣ್ಣೆ?"

ಅವರು ಹೆಂಡತಿಯ ಕಡೆ ನೋಡಿದರು. ಅವಳು ನೆಲ ನೋಡುತ್ತಾ, "ಬಾಗಲಾ ಭಾಳ ಕಿರ್ ಅಂತಿತ್ತು ರೀ. ಗುಳಿಗಿ ಒಡದು ಕೀಲಿಗೆ ಹಾಕೀನ್ರಿ. ಈಗ ಸಪ್ಳಾನ ಇಲ್ಲ," ಅಂದಳು. ಡಬ್ಬದ ಮಣ್ಣು ಸರಿಮಾಡಿ, "ಬೆಕ್ಕು ಬರಾಕತ್ತಾವ್ರಿ, ಅದೊಂದ," ಎಂದು ಸೇರಿಸಿದಳು.

"ಮತ್ತೆ ಎಲ್ಲಾ ನನ್ನ ಗುಳಿಗೆಯ ಪುಣ್ಯ ಅಂದಿರಲ್ಲ!"

"ಏನ್ ಮಾಡೂದ್ರಿ? ಊರಾಗಿನ ಮನಿ ಮಾಲಕರು ಎಲ್ಲಾ ಬಾಗಲಾ ಹಾಕಿದ್ರು, ನೀವೊಬ್ರು ಕರದು ಮನಿ ಕೊಟ್ರಿ. ಮ್ಯಾಲ ಕೈಯಾರೆ ಔಷಧ ತಂದ್ ಕೊಟ್ರಿ. ಬ್ಯಾಡ ಅನ್ನಾಕ ಬಾಯಿ ಬರ್ತೈತೇನ್ರಿ? ಕತ್ತು ತಾನ ಆರಾಮಾತು. ನಿಮ್ಮಿಂದನ ಆತು ಅಂದ್ರ ನಿಮಗೂ ಸಮಾಧಾನ ಅಂದ್ಕೊಂಡೆ ರೀ."

ನನಗೂ ಸಮಾಧಾನ! ಈ ಸೌಜನ್ಯಕ್ಕಾಗಿ ನಾನು ಎಷ್ಟು ತಿಂಗಳು ಜೋಳದ ಭೂಪಟ ಅಗಿದಿದ್ದೇನೆ. ಕರಿಬೇವಿನ ಗಿಡದ ಕಡೆ ನೋಡಿದೆ. ಎದೆಯೆತ್ತರ ಬೆಳೆದು, ಎಲೆಗಳು ಎಣ್ಣೆ ಹಚ್ಚಿದಂತೆ ಮಿರಮಿರ ಮಿನುಗುತ್ತಿದ್ದವು. ಆ ಎಲೆಯನ್ನು ಕಿತ್ತು ತಂದು ನನ್ನಾಕೆ ದಿನವೂ ಒಗ್ಗರಣೆ ಹಾಕುತ್ತಿದ್ದಳು, ಹೊಗಳುತ್ತಲೂ ಇದ್ದಳು. ನಾನು ಕೊಂಡು ತಂದ ಔಷಧದಿಂದ ಗಿಡಕ್ಕೆ ಗುಣವಾಗಿತ್ತು, ಬಾಗಿಲಿಗೆ ಗುಣವಾಗಿತ್ತು. ಮುಟ್ಟದೇ ಇದ್ದವರಿಗೂ ಗುಣವಾಗಿತ್ತು. ಅಲ್ಲಿಯವರೆಗೆ ಒಬ್ಬ ಮನುಷ್ಯನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಭಾನುವಾರ ಸಸ್ಯವರ್ಗಕ್ಕೂ ಮರಮುಟ್ಟಿಗೂ ಹಬ್ಬಿತು.

ಮರುದಿನ ಡಾಕ್ಟರ ಹತ್ತಿರ ಹೋಗಿ ದೂರು ಕೊಟ್ಟೆ.

"ನಾನು ಮೊದಲೇ ಹೇಳಿದ್ನಲ್ಲ," ಅಂದರು. "ಇದು ತಾನಾಗೇ ಇಳಿಯುತ್ತೆ. ಅವರಿಗೆ ಇಳಿದಿದೆ."

"ನನಗೆ?"

"ನಿಮಗೆ ಇಳಿದಿಲ್ಲ."

ವೈದ್ಯಶಾಸ್ತ್ರ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಇನ್ನೊಮ್ಮೆ ಕೇಳಿಲ್ಲ. ಬಾಟಲಿಗಳಲ್ಲಿ ಉಳಿದದ್ದನ್ನು ನುಂಗುವುದು ನಿಲ್ಲಿಸಿದೆ. ಕಾರಣವಿದ್ದು ಗುಣವಾದವರ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ಒಂದು ಆಸೆ ಇರುತ್ತದೆ, ಆ ಕಾರಣ ನಾಳೆ ನಮಗೂ ಸಿಕ್ಕೀತು ಎಂದು. ಕಾರಣವಿಲ್ಲದೆ ಗುಣವಾದವರ ಮೇಲೆ ಪಡುವ ಹೊಟ್ಟೆಕಿಚ್ಚಿಗೆ ಯಾವ ದಾರಿಯೂ ಇಲ್ಲ.

ಕಚೇರಿಯ ದಿನ ಬಂತು. ನಾನು ಜರಿ ಪಂಚೆ ಉಟ್ಟೆ. ಚಪ್ಪಲಿಗಳಾದರೂ ನೋಡಲಿ ಎಂದು. ಹಾಲಿನ ಬಾಗಿಲಲ್ಲಿ ಬಂದವರಿಗೆಲ್ಲ ನಮಸ್ಕಾರ ಹೇಳಿ ಒಳಗೆ ಕಳಿಸಿ, ನನ್ನ ಜಾಗದಲ್ಲಿ ನಿಂತೆ. ಒಳಗೆ ಮಗಳು ರೇಷ್ಮೆ ಲಂಗ ಉಟ್ಟು ವೀಣೆಯ ಹಿಂದೆ ಇನ್ನೂ ಚಿಕ್ಕವಳಾಗಿ ಕಾಣುತ್ತಿದ್ದಳು. ವರ್ಣ ಮುಗಿಯಿತು. ಒಂದು ಕೃತಿ ಮುಗಿಯಿತು. ಅಷ್ಟರವರೆಗೆ ನಾನು ಸರಿಯಾಗೇ ಇದ್ದೆ.

ಆಮೇಲೆ ಅವಳು ತೋಡಿ ಎತ್ತಿಕೊಂಡಳು. ಬಾಗಿಲ ಸಂದಿಯಿಂದ ನನಗೆ ಕಂಡದ್ದು ಅವಳ ಬೆರಳುಗಳಲ್ಲ; ಬೆರಳುಗಳಿಗೂ ನನಗೂ ನಡುವೆ, ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದವರ ಕತ್ತು. ಗುಡಿಯ ಕಂಬದ ಹಾಗೆ ನೆಟ್ಟಗೆ ನಿಂತ ಕತ್ತು. ಅವಳು ಒಂದು ಗಮಕ ಎಳೆದು ತಲೆ ಎತ್ತಿದಳು. ಅವರು ಮೆಚ್ಚಿ ತಲೆದೂಗಿದರು. ತಮಗೆ ಬೇಕಾದಾಗ, ಬೇಕಾದಷ್ಟೇ ದೂಗಿ, ನಿಲ್ಲಿಸಿದರು.

ಧೈರ್ಯ ಮಾಡಿ ಒಳಗೆ ಹೋದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆ ತಲೆದೂಗುವಿಕೆಯನ್ನು ತಡೆದುಕೊಳ್ಳಲಾರದೆ ಹೋದೆ. ಚಪ್ಪಲಿ ಬಿಟ್ಟು, ಬಾಗಿಲು ದೂಡಿ, ಎರಡನೇ ಸಾಲಿನಲ್ಲಿ ನನ್ನಾಕೆಯ ಪಕ್ಕ ಖಾಲಿಯಿದ್ದ ಕುರ್ಚಿಯಲ್ಲಿ ಕೂತೆ. ಅವಳು ನನ್ನನ್ನು ನೋಡಿದಳು. ಮಡಿಲಲ್ಲಿದ್ದ ಚೀಲ ತೆಗೆದು ಕೆಳಗಿಟ್ಟಳು.

ತಡೆಯಬಹುದು. ಅದು ಈ ಕಾಯಿಲೆಯ ಕ್ರೌರ್ಯ. ಸೀನು ತಡೆದ ಹಾಗೆ, ಸ್ವಲ್ಪ ಹೊತ್ತು ತಡೆಯಬಹುದು. ಕುರ್ಚಿಯ ಕೈ ಹಿಡಿದು ತಡೆದೆ. ಆಲಾಪನೆ ಮೇಲೇರಿತು. ಮೇಲಿನ ಷಡ್ಜದಲ್ಲಿ ಅವಳು ಒಂದೇ ತಂತಿಯನ್ನು ಮೀಟಿ ಕೈ ಬಿಟ್ಟಳು, ಇಡೀ ಹಾಲೇ ಆ ನಾದ ಕರಗುವುದನ್ನು ಕಾಯುತ್ತಿತ್ತು.

"ಹ್ಕ್."

ತಲೆಗಳು ತಿರುಗಿದವು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಚೇರಿಯ ನಡುವೆ ಗೋಲಿ ಸೋಡಾ ಒಡೆದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಮೇಲಿನವರೂ ತಿರುಗಿದರು. ನನ್ನನ್ನು ಕಂಡರು. ಅವರ ಮುಖದಲ್ಲಿ ಒಂದು ಗಾಬರಿ ಹಾದು ಹೋಯಿತು. ಅವರ ಗಂಟಲು ಉಬ್ಬಿತು, ಮತ್ತೆ ಕತ್ತು, ಆ ಕಂಬದಂಥ ಕತ್ತು, ಚಟ್ಟನೆ ಎಡಕ್ಕೆ ಎಳೆಯಿತು.

"ಹ್ಕ್."

ಟೇಪ್ ರೆಕಾರ್ಡರಿನ ಮೇಲೆಯೇ. ಒಬ್ಬರದನ್ನು ಕೇಳಿದರೆ ಇನ್ನೊಬ್ಬರದು ಕೆರಳುವುದುಂಟು ಎಂದು ಡಾಕ್ಟರು ಆಮೇಲೆ ಹೇಳಿದರು. ಅಂದು ನಮಗೆ ಅದು ಗೊತ್ತಿರಲಿಲ್ಲ. ಅವರದಕ್ಕೆ ನನ್ನದು, ನನ್ನದಕ್ಕೆ ಅವರದು, ತನಿ ಆವರ್ತನದಲ್ಲಿ ಮೃದಂಗ ಘಟಗಳು ಒಂದಕ್ಕೊಂದು ಉತ್ತರ ಕೊಡುವ ಹಾಗೆ ಬಲಕ್ಕೊಂದು ಎಡಕ್ಕೊಂದು ನಡೆಯಿತು. ಮೃದಂಗದವರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಕೆಳಗೆ ನೋಡಿ ನಗು ತಡೆದುಕೊಂಡರು. ಟೀಚರು ಕಣ್ಣು ಮುಚ್ಚಿಕೊಂಡಿದ್ದರು. ಅದು ರಸಾಸ್ವಾದನೆಯಾಗಿರಲಿಕ್ಕಿಲ್ಲ.

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ತಿಂಗಳುಗಳ ನಂತರ ಮೊದಲ ಸಲ ಅವರ ಕತ್ತು ಎಳೆದದ್ದನ್ನು ನೋಡಿ ನನ್ನ ಎದೆ ಹಗುರವಾಯಿತು. ಇದು ಸದ್ಗುಣವಲ್ಲವೆಂದು ನನಗೂ ಗೊತ್ತು. ಎದ್ದು ಹೋಗಲೇ ಎಂದು ಕುರ್ಚಿಯ ಕೈಗೆ ಒತ್ತು ಕೊಟ್ಟೆ. ಅಷ್ಟರಲ್ಲಿ ಮಗಳು ತಲೆ ಎತ್ತಿ ಎರಡನೇ ಸಾಲಿನ ಕಡೆ ನೋಡಿದಳು. ನಾನು ಅಲ್ಲಿರುವುದನ್ನು ನೋಡಿದಳು. ಮೀಟುತ್ತಿದ್ದ ಬೆರಳು ನಿಲ್ಲಲಿಲ್ಲ. ಕೆಳಗೆ ನೋಡಿ, ಬಿಟ್ಟ ಜಾಗದಿಂದ ಮತ್ತೆ ಷಡ್ಜಕ್ಕೆ ಬಂದು, ಈ ಸಲ ಇನ್ನೂ ಹೆಚ್ಚು ಹೊತ್ತು ಅಲ್ಲೇ ನಿಂತಳು.

ನಾನು ಕುರ್ಚಿಯ ಕೈ ಬಿಟ್ಟೆ.

ಕಚೇರಿ ಎಂಟು ಗಂಟೆಗೆ ಮುಗಿಯಿತು. ಮಂಗಳದವರೆಗೂ ನಾನು ಒಳಗೇ ಕೂತಿದ್ದೆ.